ಗೋಪುರ ದಳದ ಅಂಗಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಬರೆಯಲು ಬಲ್ಲವರು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಯಾವುದನ್ನು ಬಿಡಬೇಕೆಂದು ಗೊತ್ತಾಗದೆ ನಾನು ಎಲ್ಲವನ್ನೂ ವಿವರಿಸುತ್ತೇನೆ, ಸಹಿಸಿಕೊಳ್ಳಬೇಕು.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡಿಗರಿಗೆ ಹಳೆಯ ಜರ್ಮನ್ ಸಮವಸ್ತ್ರಗಳನ್ನು ಪರಿಶೀಲಿಸಲು ತಮ್ಮದೇ ಆದ ಒಂದು ಸಂಘವಿದೆ. ಎರಡನೇ ಮಹಾಯುದ್ಧದ ಕೊನೆಗಾಲದ ಅಂಗಿ, ಟೋಪಿ, ಬ್ಯಾಡ್ಜುಗಳು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವುದು ಅದರ ಕೆಲಸ. (ಯುದ್ಧದ ಮೊದಲ ವರ್ಷಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಇನ್ನೊಂದು ಸಂಘ ಬೇಕು, ಅದು ಹುಟ್ಟಲು ಇನ್ನೊಂದು ಜಗಳ ಬೇಕು.) ಸಂಘದಲ್ಲಿ ಆಗ ಒಂಬತ್ತು ಜನರಿದ್ದರು: ಎಂಟು ಪದಾಧಿಕಾರಿಗಳು, ಒಬ್ಬ ಸದಸ್ಯ. ಆ ಸದಸ್ಯನೇ ಸರಟೋಗಾದಲ್ಲಿರುವ ಧಾರವಾಡದ ಎಂಜಿನಿಯರು ಶಿವರುದ್ರಪ್ಪ.

ಹನ್ನೊಂದು ವರ್ಷ ಹುಡುಕಿ ಅವನು 1944ರ ಮಾದರಿಯ ಒಂದು ಗಿಡ್ಡ ಅಂಗಿ ಸಂಪಾದಿಸಿದ್ದ. ಗಿಡ್ಡ ಯಾಕೆಂದರೆ ಆಗ ಜರ್ಮನಿಯಲ್ಲಿ ಬಟ್ಟೆಗೆ ಬರ. ಉಣ್ಣೆಗೆ ಚಿಂದಿ ಬೆರೆಸಿ ನೇಯ್ದಿದ್ದರು. ಜೇಬಿಗೆ ನೆರಿಗೆಯೂ ಇರಲಿಲ್ಲ. ಎದೆಯಲ್ಲೊಂದು ತೂತೂ ಇತ್ತು. ಎದೆಯ ಹದ್ದಿನ ಬ್ಯಾಡ್ಜನ್ನು ತ್ರಿಕೋನದ ತುಂಡೊಂದರ ಮೇಲಿಟ್ಟು ಮಿಷನ್ನಿನಲ್ಲಿ ಅವಸರವಾಗಿ ಹೊಲಿದಿದ್ದರು. ಇಷ್ಟೊಂದು ಕಳಪೆ ಅಂಗಿ ತನ್ನ ಪಾಲಿಗೆ ಬಂತಲ್ಲ ಎಂದು ಅವನ ಕಣ್ಣು ತುಂಬಿ ಬಂದಿತ್ತು. ಯಾಕೆಂದರೆ ಸಂಘದ ನಿಯಮ 7 ಹೀಗಿದೆ: “ಕೊನೆಗಾಲದ ಉಡುಪು ಕಳಪೆಯಾಗಿರತಕ್ಕದ್ದು. ಚೆನ್ನಾಗಿದ್ದರೆ ನಕಲಿ.” ಅವನ ಹಿಂದಿನ ಮೂರು ಅಂಗಿಗಳೂ ಚೆನ್ನಾಗಿದ್ದವು.

ಡಿಸೆಂಬರಿನೊಳಗೆ ಒಂದಾದರೂ ಪ್ರಮಾಣಪತ್ರ ಪಡೆಯದ ಸದಸ್ಯನನ್ನು ಕೈಬಿಡತಕ್ಕದ್ದು ಎನ್ನುವುದು ನಿಯಮ 9. ಇದು ಪದಾಧಿಕಾರಿಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಡಿಸೆಂಬರಿನ ಸಭೆಯೇ ಅವನ ಕೊನೆಯ ಅವಕಾಶವಾಗಿತ್ತು.

ಸಭೆಯ ದಿನ ಬೆಳಿಗ್ಗೆ ಕಪಾಟು ತೆಗೆದು ನೋಡುತ್ತಾನೆ, ಅಂಗಿಯ ಎದೆಯಲ್ಲಿದ್ದ ತೂತು ಮಾಯ! ಅಲ್ಲೊಂದು ಪುಟ್ಟ ಗೋಪುರ ಎದ್ದಿದೆ.

“ಅತ್ತಿ, ಇದೇನ್ ಮಾಡೀರಿ!”

ಮಗಳ ಮನೆಗೆಂದು ಧಾರವಾಡದಿಂದ ಬಂದಿದ್ದ ಬಂಗಾರೆವ್ವ ತಲೆ ಎತ್ತಲಿಲ್ಲ. “ತೂತು ಬಿದ್ದಿತ್ರಿ ಅಳಿಯಾರ. ತೇಪಿ ಹಚ್ಚಿದ್ರ ಛಂದ ಕಾಣಂಗಿಲ್ಲ ಅಂತ ಕಸೂತಿ ಹಾಕೇನಿ. ಗೋಪುರ ಬ್ಯಾಡಂದ್ರ ಆನಿ ಹಾಕಿಕೊಡ್ತೀನಿ.”

“ಇದು ಜರ್ಮನ್ ಸಿಪಾಯಿ ಅಂಗಿ!”

“ಸಿಪಾಯಿ ಆದ್ರ ಹರಕ ಹಾಕ್ಕೋಬೇಕೇನು?”

“ಅವರು ಊರೂರ ಸುಟ್ಟು, ಮಂದೀನ ಕೊಂದು, ಕಡೀಕ ಸೋತವರು, ಅತ್ತಿ.”

“ಅಂಥವರ ಅಂಗಿ ನೀವು ಮನಿಯಾಗ ಇಟ್ಕೊಂಡದ್ದು ತಪ್ಪಲ್ಲ, ನಾ ಹೊಲಿದದ್ದು ತಪ್ಪಾತು!”

ಬಿಚ್ಚೋಣವೆಂದರೆ ಕಸೂತಿಗೆ ಗಂಟಿರುವುದಿಲ್ಲ. ಎಲ್ಲಿಂದ ಎಳೆದರೂ ಚಿಂದಿ ಉಣ್ಣೆಯೇ ಕಿತ್ತು ಬರುತ್ತದೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಶಿವರುದ್ರಪ್ಪ ಗಟ್ಟಿ ಮನಸ್ಸು ಮಾಡಿ ವಾಲ್ನಟ್ ಕ್ರೀಕಿನ ಬಾಡಿಗೆ ಹಾಲಿಗೆ ಹೋದ.

ಅಧ್ಯಕ್ಷ ಅನಂತಪದ್ಮನಾಭ ಅವರು ಮೈಸೂರಿನವರು, ಪಾಲೋ ಆಲ್ಟೋದಲ್ಲಿ ಕೆಲಸ. ಭೂತಗನ್ನಡಿ ಹಿಡಿದು ಅಂಗಿಯ ಮೇಲೆ ಬಾಗಿದವರು ಬಹಳ ಹೊತ್ತು ಏಳಲಿಲ್ಲ.

“ಏನ್ರೀ ಇದು, ಟವರ್ ಥರ ಇದೆ?”

“ಸರ್, ಅದು ನಮ್ಮ ಅತ್ತಿ...”

“ಒಂದ್ನಿಮಿಷ. ನಿಯಮ 14. ಒಡೆಯನು ತನ್ನ ವಸ್ತುವಿನ ಬಗ್ಗೆ ಆಡುವ ಯಾವ ಮಾತನ್ನೂ ನಂಬತಕ್ಕದ್ದಲ್ಲ.”

ನಿಯಮವೇನೋ ಒಳ್ಳೆಯದೇ. ಈ ವ್ಯಾಪಾರದಲ್ಲಿ ಪ್ರತಿ ಅಂಗಿಯ ಜೊತೆಗೂ ಒಂದು ಸುಳ್ಳು ಕಥೆ ಬರುತ್ತದೆ. ನಿಜ ಬಂದರೆ ಏನು ಮಾಡಬೇಕೆಂದು ಮಾತ್ರ ಯಾರೂ ಬರೆದಿರಲಿಲ್ಲ.

ಅಧ್ಯಕ್ಷರು ಅಂಗಿಯನ್ನು ಒಳಮೈ ಹೊರಮೈ ಮಾಡಿದರು. “ನೋಡಿ! ಒಂದೂ ಗಂಟಿಲ್ಲ. ಫ್ರಂಟು ಬ್ಯಾಕು ಎರಡೂ ಸೇಮ್. ನಕಲಿ ಮಾಡೋನಿಗೆ ಇಷ್ಟು ಪೇಷನ್ಸ್ ಎಲ್ಲಿರತ್ತೆ?”

“ಸರ್, ದಯಮಾಡಿ ಕೇಳ್ರಿ. ಧಾರವಾಡದ ಕಡೆ ಹೆಣ್ಮಕ್ಕಳು ಇದನ್ನ ಮನಿಮನಿಯಾಗ ಹಾಕ್ತಾರ. ನಿಮ್ಮ ಮನೆಯವರ ಸೀರಿ ಮ್ಯಾಲೂ ಐತಿ!”

ಎಲ್ಲರೂ ತಿರುಗಿದರು. ಕಾಫಿ ಬಗ್ಗಿಸುತ್ತಿದ್ದ ಪದ್ಮಜಾ ಅವರ ಸೆರಗಿನ ತುಂಬ ಅದೇ ಗೋಪುರ.

“ಪದ್ಮಜಾ, ಈ ಸೀರೆ ಎಲ್ಲೀದು?”

“ಯಾರೋ ಗಿಫ್ಟ್ ಕೊಟ್ಟಿದ್ದು ಕಣ್ರೀ. ಸಕ್ಕರೆ ಒಂದು ಸಾಕಾ?”

ಅಧ್ಯಕ್ಷರು ನಡಾವಳಿ ಪುಸ್ತಕದಲ್ಲಿ ಬರೆಸಿದರು: “ಸದರಿ ಚಿಹ್ನೆಯು ಯುದ್ಧಾನಂತರ ಭಾರತದ ಸೀರೆಗಳವರೆಗೂ ಹಬ್ಬಿರುವುದು ಕಂಡುಬಂದಿದ್ದು, ಇದರಿಂದ ಅದರ ಪ್ರಾಚೀನತೆ ಸಿದ್ಧವಾಗುತ್ತದೆ.”

ಪ್ರಮಾಣಪತ್ರ ಅವತ್ತೇ ಸಿಕ್ಕಿತು. ಶಿವರುದ್ರಪ್ಪ ಅದನ್ನು ಬೇಡವೆನ್ನಲು ಎದ್ದು ನಿಂತ. ಅಷ್ಟರಲ್ಲಿ ಎಂಟೂ ಜನ ಚಪ್ಪಾಳೆ ತಟ್ಟಿದರು. ಅವನಿಗೆ ಆ ಸಂಘದಲ್ಲಿ ಯಾರೂ ಎಂದೂ ಚಪ್ಪಾಳೆ ತಟ್ಟಿರಲಿಲ್ಲ. ಕೂತುಬಿಟ್ಟ.

ಮರುವಾರ ಸುತ್ತೋಲೆ ಹೊರಟಿತು: “ಇಲ್ಲಿಯವರೆಗೆ ಅಜ್ಞಾತವಾಗಿದ್ದ ‘ಗೋಪುರ ದಳ’ದ ಚಿಹ್ನೆ ಪತ್ತೆಯಾಗಿದೆ. ಚಿಹ್ನೆಯಿಲ್ಲದ ಅಂಗಿಗಳ ಪ್ರಮಾಣಪತ್ರಗಳನ್ನು ರದ್ದುಪಡಿಸಲಾಗಿದೆ. ಅಡಗಿರುವ ಚಿಹ್ನೆಯನ್ನು ಬೆಳಕಿಗೆ ತರಲಿಚ್ಛಿಸುವವರು ಅಂಗಿಯನ್ನು ಭಾನುವಾರ ಮಧ್ಯಾಹ್ನ ಸರಟೋಗಾದ ಶಿವರುದ್ರಪ್ಪನವರ ಮನೆಯಲ್ಲಿ ಒಪ್ಪಿಸತಕ್ಕದ್ದು. ಕೊನೆಯ ದಿನ: ಶ್ರೀಮತಿ ಬಂಗಾರೆವ್ವನವರ ವಿಮಾನ ಹೊರಡುವ ಹಿಂದಿನ ದಿನ.”

ಯಾರೂ ಯಾಕೆಂದು ಕೇಳಲಿಲ್ಲ. ಭಾನುವಾರ ಎಂಟು ಕಾರುಗಳು ಬಂದವು, ಅದರ ಮುಂದಿನ ಭಾನುವಾರ ಹೊರಗಿನವರದೂ ಸೇರಿ ಇಪ್ಪತ್ತು. ಶಿವರುದ್ರಪ್ಪ ಈಗ ಚಿಹ್ನೆ ವಿಭಾಗದ ಉಪಾಧ್ಯಕ್ಷ. ಗ್ಯಾರೇಜಿನಲ್ಲಿ ಕುರ್ಚಿ ಹಾಕಿ, ಕಾಯುತ್ತಿರುವವರಿಗೆ ತಿಳಿಹೇಳುತ್ತಾನೆ. ಮೊದಮೊದಲು ತೊದಲುತ್ತಿದ್ದ, ಈಗ ಇಲ್ಲ.

“ಮೂರು ಅಂತಸ್ತಿನ ಗೋಪುರ ಸಾದಾ ಸಿಪಾಯಿಗೆ. ಐದು ಅಂತಸ್ತಿಂದು ಸಾರ್ಜೆಂಟಿಗೆ. ಏಳು ಅಂತಸ್ತಿಂದು ಬಹಳ ಅಪರೂಪ್ರಿ. ಯಾಕ ಅಪರೂಪ ಅಂದ್ರ, ಯುದ್ಧದ ಕಡೀ ತಿಂಗಳದಾಗ ಜರ್ಮನಿ ಒಳಗ...”

“ರೀ!” ಒಳಗಿನಿಂದ ಹೆಂಡತಿ ಉಮಾಶ್ರೀ ಕೂಗಿದಳು. “ಅವ್ವಗ ಕಣ್ಣು ಕಾಣವಲ್ದಂತ. ಸೂಜಿಗೆ ದಾರ ಪೋಣಿಸಿ ಕೊಡಬರ್ರಿ!”