ಊಟಕ್ಕೆ ವಂದನೆ, ಅಮೆರಿಕಕ್ಕೆ ನಿಂದನೆ

ಅಮೆರಿಕದ ರಾಜಕೀಯದ ಬಗ್ಗೆ ನನ್ನಷ್ಟು ತಿಳಿದ ಕನ್ನಡಿಗ ಸ್ವೀಡನ್ನಿನ ಇಡೀ ಲಿಂಕೋಪಿಂಗ್ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹಾಗೆಂದು ನಾನು ಅಮೆರಿಕಕ್ಕೆ ಹೋಗಿ ಬಂದವನಲ್ಲ. ಆ ದೇಶದ ಬಗ್ಗೆ ಒಂದು ಪುಸ್ತಕವನ್ನಾದರೂ ಓದಿದವನಲ್ಲ. ಆದರೆ ನಮ್ಮ ಆಫೀಸಿನಲ್ಲಿ ನೈಜೆಲ್ ಇದ್ದ.

ನೈಜೆಲ್ ಇಂಗ್ಲೆಂಡಿನವನು. ನನಗಿಂತ ಹದಿನೈದು ವರ್ಷ ದೊಡ್ಡವನು, ನನ್ನ ಪಕ್ಕದ ಟೇಬಲ್ಲಿನವನು. ದಿನವೂ ಮಧ್ಯಾಹ್ನ ಫಿಕಾ ಹೊತ್ತಿನಲ್ಲಿ, ಅಂದರೆ ಇಡೀ ಸ್ವೀಡನ್ ಕೆಲಸ ನಿಲ್ಲಿಸಿ ಕಾಫಿ ಕುಡಿಯುವ ಪವಿತ್ರ ಮುಹೂರ್ತದಲ್ಲಿ, ಅವನು ದಾಲ್ಚಿನ್ನಿ ಬನ್ನು ಮುರಿಯುತ್ತಾ ಅಮೆರಿಕವನ್ನೂ ಮುರಿಯುತ್ತಿದ್ದ. ಅದು ಅಲ್ಲಿ ಚುನಾವಣೆ ಜೋರಾಗಿ ನಡೆಯುತ್ತಿದ್ದ ವರ್ಷ. ಅವನಿಗೆ ಸರಕಿನ ಕೊರತೆಯೇ ಇರಲಿಲ್ಲ.

"ಅಮೆರಿಕನ್ನರು ಎರಡು ವರ್ಷ ಓಟದ ಪಂದ್ಯ ನಡೆಸುತ್ತಾರೆ. ಕೊನೆಗೆ ಗೆದ್ದವರು ಯಾರೆಂದು ನ್ಯಾಯಾಧೀಶರನ್ನು ಕೇಳುತ್ತಾರೆ" ಎನ್ನುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಸ್ವೀಡಿಷ್ ಸಹೋದ್ಯೋಗಿಗಳು "ಯಾಹಾ" ಎಂದು ಕಾಫಿಯೊಳಗೆ ನೋಡುತ್ತಿದ್ದರು. ಯಾಹಾ ಎಂದರೆ ನಮ್ಮ 'ಹೌದಾ' ಇದ್ದ ಹಾಗೆ. ಅದರಿಂದ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಯಾರಿಂದಲೂ ಆಗದು. ನಾನೊಬ್ಬನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸಂಜೆ ಮನೆಗೆ ಹೋಗಿ ಹೆಂಡತಿ ಸುಮಾಳಿಗೆ ಅದನ್ನೆಲ್ಲ ನನ್ನ ಸ್ವಂತ ಚಿಂತನೆ ಎಂಬಂತೆ ಒಪ್ಪಿಸುತ್ತಿದ್ದೆ.

"ನಾವು ಬ್ರಿಟಿಷರು ಬೇರೆಯವರ ದೇಶಕ್ಕೆ ಹೋದರೆ ಇನ್ನೂರು ವರ್ಷ ಇದ್ದು ರೈಲು ಹಾಕಿ ಬರುತ್ತಿದ್ದೆವು. ಈ ಅಮೆರಿಕನ್ನರು ಹೋಗಿ ವಾರವಾಗುವಷ್ಟರಲ್ಲೇ ಕೆಲಸ ಮುಗಿಯಿತು ಎಂದು ಬೋರ್ಡು ಹಾಕುತ್ತಾರೆ" ಎಂಬ ಮಾತನ್ನು ಮಾತ್ರ ಅವನದೆಂದೇ ಹೇಳಬೇಕಾಯಿತು. ಆಗ ಸುಮಾ ಸೌಟು ಕೆಳಗಿಟ್ಟಳು.

"ಅಲ್ಲಾ ರೀ, ಆ ಬೇರೆಯವರು ಅಂದ್ರೆ ನಾವೇ ಅಲ್ವಾ? ಅವನು ಹೇಳಿದ, ನೀವು ನಕ್ಕು ಬಂದ್ರಾ?"

ನನಗೆ ಅದು ಹೊಳೆದಿರಲಿಲ್ಲ. ಹಾಸ್ಯವನ್ನು ಹಾಸ್ಯವಾಗಿ ನೋಡಬೇಕು ಎಂದು ಅವಳಿಗೆ ಬುದ್ಧಿ ಹೇಳಿದೆ.

ಹೀಗಿರುವಾಗ ಕರೀನ್ ನಮ್ಮನ್ನು ಊಟಕ್ಕೆ ಕರೆದಳು. ಕರೀನ್ ನನ್ನ ಮ್ಯಾನೇಜರು. ನನ್ನ ನೌಕರಿ ಆಗ ವರ್ಷ ವರ್ಷಕ್ಕೂ ಮುಂದುವರಿಸುವ ಗುತ್ತಿಗೆಯದು, ಆ ವರ್ಷದ್ದು ಮುಗಿಯುತ್ತಾ ಬಂದಿತ್ತು. ಕಾಯಂ ಮಾಡುವುದೋ ಬಿಡುವುದೋ ಕರೀನ್ ಕೈಯಲ್ಲಿತ್ತು. ನೌಕರಿ ಇಲ್ಲವೆಂದರೆ ವರ್ಕ್ ಪರ್ಮಿಟ್ಟೂ ಇಲ್ಲ. ಮಗಳು ಡಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ, ಕುಣಿದು ಕುಪ್ಪಳಿಸಿಕೊಂಡು ಇದ್ದಳು. ಸುಮಾಳಿಗೆ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತ್ತು. ನಮಗೆ ಆ ಊರು ಬಿಡಲು ಒಂದಿಷ್ಟೂ ಮನಸ್ಸಿರಲಿಲ್ಲ.

"ಹೋಗಿ, ತಿಂದು, ಚೆನ್ನಾಗಿತ್ತು ಅಂತ ಹೇಳಿ ಬಂದ್ಬಿಡೋಣ. ಜಾಸ್ತಿ ಮಾತು ಬೇಡ" ಎಂದು ಸುಮಾ ಬಸ್ಸಿನಲ್ಲೇ ಎಚ್ಚರಿಸಿದಳು.

"ನಾನು ಯಾವಾಗ ಜಾಸ್ತಿ ಮಾತಾಡಿದ್ದೀನಿ?" ಎಂದೆ. ಅವಳು ಕಿಟಕಿಯಿಂದ ಹೊರಗೆ ನೋಡಿದಳು.

ಕರೀನ್ ಮನೆಯ ಅಂಗಳದಲ್ಲಿ ಎತ್ತರದ ಧ್ವಜಸ್ತಂಭ, ಅದರ ಮೇಲೆ ಸ್ವೀಡನ್ನಿನ ನೀಲಿ ಹಳದಿ ಬಾವುಟ. ಬಾಗಿಲಲ್ಲಿ ಅವಳ ಗಂಡ ಎರಿಕ್ ನಿಂತಿದ್ದ. ಹೊಂಬಣ್ಣದ ಗಡ್ಡ, ಏಪ್ರನ್ನು, ಬಾಯಿ ತುಂಬ ಸ್ವೀಡಿಷ್. ಮಾತು ಕಡಿಮೆ. ಅಚ್ಚ ಸ್ವೀಡನ್ನಿನ ಮನುಷ್ಯ ಎಂದುಕೊಂಡೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೆವು. ಅತಿಥಿಗಳೆಂದರೆ ನಾವಿಬ್ಬರು, ಮತ್ತೆ ನೈಜೆಲ್. ಟೇಬಲ್ಲಿನ ಮೇಲೆ ಯಾರು ಎಲ್ಲಿ ಕೂರಬೇಕೆಂದು ಹೆಸರಿನ ಚೀಟಿ ಇಟ್ಟಿದ್ದರು. ಕರೀನಳ ಎಡಗಡೆಯ ಕುರ್ಚಿ ನೈಜೆಲ್‌ನದು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ನೀನು ಅಲ್ಲಿ ಕೂತುಕೋ. ಮ್ಯಾನೇಜರ ಪಕ್ಕ ಕೂತರೆ ನಿನಗೇ ಒಳ್ಳೆಯದು" ಎಂದು ಚೀಟಿ ಅದಲುಬದಲು ಮಾಡಿಬಿಟ್ಟ. ನನ್ನ ಕಾಯಂ ನೌಕರಿಯ ಬಗ್ಗೆ ಅವನಿಗೆ ಎಷ್ಟು ಕಾಳಜಿ ಎಂದು ನನಗೆ ಕಣ್ಣು ತುಂಬಿ ಬಂತು.

ಊಟ ಸೊಗಸಾಗಿತ್ತು. ನಮಗೆಂದೇ ಎರಿಕ್ ಮಾಂಸವಿಲ್ಲದ ಅಡುಗೆ ಮಾಡಿದ್ದ. ಸಿಹಿ ತಿಂದಾದ ಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ನನ್ನತ್ತ ನೋಡತೊಡಗಿದರು. ನೈಜೆಲ್ ಬಾಗಿ ಪಿಸುಗುಟ್ಟಿದ: "ಇಲ್ಲಿನ ಪದ್ಧತಿ. ಮನೆಯೊಡತಿಯ ಎಡಗಡೆ ಕೂತವರು ಎಲ್ಲರ ಪರವಾಗಿ ಊಟಕ್ಕೆ ಧನ್ಯವಾದ ಹೇಳಬೇಕು. ಎರಡು ಮಾತು ಸಾಕು."

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ನಾನು ಹೆದರಲಿಲ್ಲ. ಏಕೆಂದರೆ ಲಿಂಕೋಪಿಂಗ್‌ನ ಕನ್ನಡಿಗರು ಪ್ರತಿವರ್ಷ ಸೇರಿ ಮಾಡುವ ರಾಜ್ಯೋತ್ಸವದಲ್ಲಿ ವಂದನಾರ್ಪಣೆ ನನ್ನದೇ. ದೀಪ ಹಚ್ಚಿದವರಿಂದ ಹಿಡಿದು ಬೆಂಕಿಪೊಟ್ಟಣ ತಂದವರ ತನಕ ಯಾರನ್ನೂ ನಾನು ಬಿಟ್ಟಿದ್ದಿಲ್ಲ. ಜನ ಚಪ್ಪಲಿ ಹುಡುಕಿಕೊಂಡು ಹೊರಟರೂ ನನ್ನ ವಂದನೆ ನಿಂತಿದ್ದಿಲ್ಲ. ಅಂಥವನಿಗೆ ಎರಡು ಮಾತೇ? ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡೆ.

ಮೊದಲು ಕರೀನಳಿಗೆ ವಂದನೆ, ನಂತರ ಎರಿಕ್‌ಗೆ, ಆಲೂಗೆಡ್ಡೆ ಬೆಳೆದ ರೈತರಿಗೆ, ನಮ್ಮನ್ನು ತಂದ ಬಸ್ಸಿನ ಚಾಲಕರಿಗೆ. ಆಮೇಲೆ ಸಭೆ ತೂಕಡಿಸಬಾರದಲ್ಲ ಎಂದು ಸ್ವಲ್ಪ ಹಾಸ್ಯಕ್ಕೆ ಇಳಿದೆ.

"ಈ ಊಟ ಹಿತಮಿತವಾಗಿತ್ತು. ಇದೇ ಅಮೆರಿಕ ಆಗಿದ್ದರೆ ಐದು ಜನರ ಈ ಊಟವನ್ನು ಒಬ್ಬನೇ ತಿಂದು, ಜೊತೆಗೆ ಸಕ್ಕರೆ ಇಲ್ಲದ ಪಾನೀಯ ಕೇಳುತ್ತಿದ್ದ!"

ಯಾರೂ ನಗಲಿಲ್ಲ. ಸ್ವೀಡನ್ನಿನ ಜನ ಮನಸ್ಸಿನೊಳಗೇ ನಗುತ್ತಾರೆಂದು ನನಗೆ ಗೊತ್ತಿತ್ತು. ಮುಂದುವರಿಸಿದೆ. ಅಮೆರಿಕದ ಚುನಾವಣೆ ಎಂದರೆ ಎರಡು ವರ್ಷದ ಮದುವೆ, ಛತ್ರ ಖಾಲಿ ಮಾಡುವ ಹೊತ್ತಿಗೆ ವರ ಯಾರೆಂದು ಕೋರ್ಟು ಹೇಳಬೇಕು ಎಂದೆ. ಓಟದ ಪಂದ್ಯವನ್ನು ಮದುವೆ ಮಾಡಿದ್ದು ನನ್ನ ಸ್ವಂತ ಸುಧಾರಣೆ. ಅಮೆರಿಕನ್ನರು ಮನೆ ಮುಂದೆ ಬಾವುಟ ಹಾರಿಸುವುದು ತಾವು ಯಾವ ದೇಶದಲ್ಲಿದ್ದೇವೆ ಎಂದು ಮರೆಯದಿರಲು ಎಂದೆ. ಅಷ್ಟರಲ್ಲಿ ಕಿಟಕಿಯಾಚೆ ನೀಲಿ ಹಳದಿ ಬಾವುಟ ಪಟಪಟ ಎಂದಿತು.

"ಸಾಕು, ಕೂತ್ಕೊಳ್ರೀ" ಎಂದಳು ಸುಮಾ, ನಗುಮುಖದಲ್ಲೇ.

"ಇಂಥ ಊಟ ಜನ್ಮದಲ್ಲಿ ಮಾಡಿಲ್ಲ ಎನ್ನುತ್ತಿದ್ದಾಳೆ ನನ್ನ ಹೆಂಡತಿ" ಎಂದು ಸಭೆಗೆ ಅನುವಾದಿಸಿದೆ. ರೈಲಿನ ಮಾತನ್ನೂ ಹೇಳಿ, ನಮಸ್ಕಾರ ಮಾಡಿ ಕುಳಿತೆ.

ಎರಿಕ್ ಕರವಸ್ತ್ರ ಮಡಿಸಿಟ್ಟ. ಆ ಸಂಜೆ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಮಾತಾಡಿದ. ಅದು ಸಿನಿಮಾಗಳಲ್ಲಿ ಕೇಳುತ್ತೇವಲ್ಲ, ಅಂಥ ಇಂಗ್ಲಿಷ್.

"ನಾನು ಅಮೆರಿಕದ ಮಿನೆಸೋಟದವನು. ನಮ್ಮಜ್ಜ ಇಲ್ಲಿಂದ ಅಲ್ಲಿಗೆ ಹೋದರು, ನಾನು ಕರೀನಳನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಮೊನ್ನೆಯಷ್ಟೇ ಅಂಚೆಯಲ್ಲಿ ಓಟು ಹಾಕಿದೆ."

ಅವನು ಮಾಡಿದ ಅಡುಗೆ ಅಷ್ಟೂ ನನ್ನ ಹೊಟ್ಟೆಯಲ್ಲಿತ್ತು.

"ಅದು ನನ್ನ ಅಭಿಪ್ರಾಯ ಅಲ್ಲ, ಎಲ್ಲ ನೈಜೆಲ್‌ನದು" ಎಂದುಬಿಟ್ಟೆ.

ನೈಜೆಲ್ ಹುಬ್ಬೇರಿಸಿದ. "ನನ್ನದೇ? ನಾನು ಅಮೆರಿಕಕ್ಕೆ ಹೋದವನೇ ಅಲ್ಲ. ನೋಡದ ದೇಶದ ಬಗ್ಗೆ ಯಾರಾದರೂ ಹಾಗೆ ಮಾತಾಡುತ್ತಾರೆಯೇ?" ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈ ಬಾರಿ ನನಗೆ ನಗು ಬರಲಿಲ್ಲ.

ಇನ್ನು ಉಳಿದ ದಾರಿ ಒಂದೇ, ಹೊಗಳಿಕೆ. ಮತ್ತೆ ಎದ್ದೆ. ಸುಮಾ ನನ್ನ ಕೋಟು ಹಿಡಿದಳು, ಬಿಡಿಸಿಕೊಂಡೆ. ಅಮೆರಿಕ ಎಂದರೆ ನನಗೆ ಪ್ರಾಣ ಎಂದೆ. ಕಾಲೇಜಿನ ದಿನಗಳಿಂದ ಕಂಡ ಕನಸು ಅದೊಂದೇ ಎಂದೆ. ಎರಿಕ್ ಮುಖ ಸ್ವಲ್ಪ ಸಡಿಲವಾದ ಹಾಗೆ ಕಂಡಿತು. ಹುಮ್ಮಸ್ಸು ಬಂತು. ನಾವಿಬ್ಬರೂ ಎಂದಿದ್ದರೂ ಅಲ್ಲಿಗೇ ಹೋಗಿ ನೆಲೆಸುವವರು, ಅವಕಾಶ ಸಿಕ್ಕಿದರೆ ನಾಳೆಯೇ ಪೆಟ್ಟಿಗೆ ಕಟ್ಟುತ್ತೇವೆ ಎಂದು ಮುಗಿಸಿದೆ.

ಎರಿಕ್ ಎದ್ದು ಬಂದು ಕೈಕುಲುಕಿದ. ಗೆದ್ದೆ ಎಂದುಕೊಂಡೆ. ಆಗ ನನ್ನ ಬಲಗಡೆಯಿಂದ ಮೆಲ್ಲಗೆ ಒಂದು ದನಿ ಕೇಳಿತು.

"ಯಾಹಾ" ಎಂದಳು ಕರೀನ್.

ಬಸ್ಸಿನಲ್ಲಿ ಸುಮಾ ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೇ ನೋಡಿದಳು. ಮನೆಯ ಬಾಗಿಲು ತೆಗೆಯುವಾಗ ಮಾತ್ರ, "ಪೆಟ್ಟಿಗೆ ಅಟ್ಟದ ಮೇಲಿದೆ, ಇಳಿಸ್ಲಾ?" ಎಂದಳು. ಆಗ ನನಗೆ ನಿಜವಾಗಿ ಭಯವಾಯಿತು.

ಸೋಮವಾರ ಕರೀನ್ ನನ್ನನ್ನು ಕೋಣೆಗೆ ಕರೆದಳು. ಕೋಪವೇನೂ ಇರಲಿಲ್ಲ. ಕೋಪ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಜ ಹೇಳಬೇಕೆಂದರೆ, ನಿಮ್ಮನ್ನು ಕಾಯಂ ಮಾಡಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಆ ಊಟ ಅದೇ ಸಂತೋಷಕ್ಕೆ. ಕಾಫಿ ಹೊತ್ತಿಗೆ ಹೇಳೋಣ ಎಂದುಕೊಂಡಿದ್ದೆ" ಎಂದಳು. "ಆದರೆ ನಿಮ್ಮ ಕನಸಿಗೆ ನಾನು ಅಡ್ಡ ಬರಬಾರದು. ಎರಿಕ್‌ಗೆ ನೀವು ಬಹಳ ಹಿಡಿಸಿದ್ದೀರಿ. ಅಲ್ಲಿನ ಗೆಳೆಯರ ಹತ್ತಿರ ನಿಮ್ಮ ಕೆಲಸದ ಬಗ್ಗೆ ಮಾತಾಡುತ್ತಾನಂತೆ."

"ದಯವಿಟ್ಟು ಬೇಡ. ನನಗೆ ಅಮೆರಿಕ ಬೇಡ. ಯಾವತ್ತೂ ಬೇಕಾಗಿರಲಿಲ್ಲ. ಅದು ಬರೀ ಸುಳ್ಳು" ಎಂದೆ.

ಕರೀನ್ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಎರಡನೆಯ ಭಾಷಣ ಸುಳ್ಳು. ಹಾಗಾದರೆ ಮೊದಲನೆಯದು ನಿಜ, ಅಲ್ಲವೇ?"

"ಅಯ್ಯೋ, ಅದೂ ನಿಜವಲ್ಲ. ಅದನ್ನು ನೈಜೆಲ್ ಹೇಳಿದ್ದು. ಎರಡನೆಯದು ಹೆದರಿಕೆಯಿಂದ ಬಂದದ್ದು. ಎರಡೂ ನನ್ನದಲ್ಲ."

"ಸರಿ. ಹಾಗಾದರೆ ನಿಮ್ಮ ಸ್ವಂತ ಅಭಿಪ್ರಾಯ ಏನು?"

ಅವಳು ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಪೆನ್ನು ಕೆಳಗಿಟ್ಟು, ಕೈಕಟ್ಟಿ ಕಾದಳು. ನಾನು ಬಾಯಿ ತೆರೆದೆ. ಬೆಂಕಿಪೊಟ್ಟಣಕ್ಕೂ ವಂದನೆ ಹೇಳಿದ ಆ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ಹುಡುಕಿದೆ, ಒಳಗೆ ಎಲ್ಲೂ ಒಂದು ಅಭಿಪ್ರಾಯ ಸಿಗಲಿಲ್ಲ. ಬಾಯಿ ಮುಚ್ಚಿದೆ.

"ಅವಸರವಿಲ್ಲ" ಎಂದಳು ಕರೀನ್, ಬಹಳ ಮೃದುವಾಗಿ. "ಕಾಯಂ ವಿಷಯ ಆಮೇಲೆ ನೋಡೋಣ. ಸದ್ಯಕ್ಕೆ ಇನ್ನೊಂದು ವರ್ಷ ಇರಿ. ಯೋಚಿಸಿ."

ಸಂಜೆ ಸುಮಾ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು?"

"ಇನ್ನೊಂದು ವರ್ಷ ಕೊಟ್ಟಿದ್ದಾರೆ."

ಅವಳು ದೀರ್ಘವಾಗಿ ಉಸಿರು ಬಿಟ್ಟಳು. "ಸದ್ಯ. ಬರೀ ಒಂದೇ ವರ್ಷ ಯಾಕಂತೆ?"

"ಅಷ್ಟರೊಳಗೆ ನಾನು ಸ್ವಂತವಾಗಿ ಒಂದು ಯೋಚನೆ ಮಾಡ್ಬೇಕಂತೆ."

ಸುಮಾ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. "ಎರಡು ವರ್ಷ ಕೇಳ್ಬೇಕಿತ್ತು ಕಣ್ರೀ" ಎಂದಳು.