ಎದುರುಮನೆಯ ಮೂರು ಮಷಿನ್ನು

ಸಾಲ ಕೊಡುವ ಮುಂಚೆ ಬ್ಯಾಂಕಿನ ಮೇಡಂ ಅಂಗಡಿ ನೋಡಲು ಬರುತ್ತಾರೆಂಬ ಸುದ್ದಿಯನ್ನು ಮಾರೇಶ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಚಹಾ ಕುಡಿಯುತ್ತ ಆಟೋ ಎರ್ರಣ್ಣನ ಮುಂದೆ ಹೇಳಿಬಿಟ್ಟ.

ಬಳ್ಳಾರಿಯ ಪಾರ್ವತಿನಗರದ ಹಿಂದಿನ ಓಣಿಯಲ್ಲಿ ಮಾರೇಶ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ. ಇದ್ದದ್ದು ಒಂದೇ ಮಷಿನ್ನು. ದಪ್ಪ ಬಟ್ಟೆ ಕಂಡರೆ ಅದು ಹಲ್ಲಿಲ್ಲದ ಮುದುಕನಂತೆ ಸುಮ್ಮನಾಗುತ್ತಿತ್ತು. ಈ ತಿಂಗಳೂ ಮಾಲು ತಡವಾದರೆ ಆರ್ಡರು ಬೇರೆಯವರಿಗೆ ಎಂದು ಹೊಲಿಗೆ ಕೆಲಸ ಕೊಡುವ ಸೇಠು ಹೇಳಿಯಾಗಿತ್ತು. ಉಳಿದ ದಾರಿ ಹೊಸ ಮಷಿನ್ನಿಗೆಂದು ಸಿಗುವ ಸರ್ಕಾರದ ಸಬ್ಸಿಡಿ ಸಾಲವೊಂದೇ.

“ಒಂದ ಮಷಿನ್ ನೋಡಿ ಯಾರ್ಲೇ ಸಾಲ ಕೊಡ್ತಾರ?” ಎಂದ ಎರ್ರಣ್ಣ. “ಬ್ಯಾಂಕು ಕೊಡೋದು ಇದ್ದೋರಿಗೆ. ಅಕ್ಕನಾಗಮ್ಮನ ಮನ್ಯಾಗ ಮೂರು ಅದಾವು. ಒಂದು ತಾಸು ಇಸ್ಕೊ.”

ಎದುರುಮನೆಯ ಅಕ್ಕನಾಗಮ್ಮ ಸೂಜಿಯನ್ನೂ ಎರವಲು ಕೊಡದ ಹೆಂಗಸು. ಆದರೆ ಅಂದು ಮಾರೇಶನ ಮಾತು ಮುಗಿಯುವ ಮೊದಲೇ, “ಮೂರೂ ಒಯ್ಯಪ್ಪ. ಸ್ಟೂಲೂ ಒಯ್ಯಿ. ಮ್ಯಾಲಿನ ಫ್ಯಾನೂ ಬೇಕೇನು?” ಎಂದಳು. ತನ್ನ ಮಾತಿನ ಚಾತುರ್ಯವನ್ನು ಮಾರೇಶ ತಾನೇ ಮೆಚ್ಚಿಕೊಂಡ.

ಮೊದಲ ಮಷಿನ್ನು ಎತ್ತುವಾಗಲೇ ಅವನ ಸೊಂಟ ಉಳುಕಿತು. ಎರಡನೆಯದು ಎರ್ರಣ್ಣನ ಹೆಬ್ಬೆರಳ ಮೇಲೆ ಬಿತ್ತು. ನಾಲ್ಕನ್ನೂ ಸಾಲಾಗಿ ಇಟ್ಟ ಮೇಲೆ ಒಳಗೆ ಕಾಲಿಡಲು ಜಾಗವಿಲ್ಲದೆ ಮಾರೇಶ ಬೀದಿಯಲ್ಲೇ ನಿಂತು ಮೇಡಂಗೆ ಕೈಮುಗಿದ.

“ಇವೆಲ್ಲಾ ನಿಮ್ಮವೇನ್ರಿ?”

“ಹೌದ್ರಿ ಮೇಡಂ, ಎಲ್ಲಾ ನಮ್ಮವ!”

“ಹಂಗಾದ್ರ ನಿಮಗ ಸಾಲ ಬರಂಗಿಲ್ರಿ. ಒಂದಕ್ಕಿಂತ ಹೆಚ್ಚು ಮಷಿನ್ ಇದ್ದೋರಿಗೆ ಇದು ಇಲ್ಲ. ಅರ್ಜಿ ಓದಿಲ್ಲೇನು?”

ಸಹಿ ಹಾಕುವ ಜಾಗ ಬಿಟ್ಟು ಮಾರೇಶ ಆ ಅರ್ಜಿಯಲ್ಲಿ ಬೇರೇನನ್ನೂ ಓದಿರಲಿಲ್ಲ. ಅವನು ಅರ್ಜಿಗೆ ಕೈ ಚಾಚುವಷ್ಟರಲ್ಲಿ ಮೇಡಂ ಅವನ ಹೆಸರಿಗೆ ಗೆರೆ ಎಳೆದು, “ಇನ್ನೊಂದು ಅರ್ಜಿ ಎದುರುಮನಿದು” ಎಂದು ಬೀದಿ ದಾಟಿದರು.

ಅಲ್ಲಿ ಬರೀ ಗೋಡೆ, ಬರೀ ನೆಲ. ನಡುವೆ ಅಕ್ಕನಾಗಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮೇಡಂ ಮರುಗಿಹೋದರು.

“ಇವರ ಮನ್ಯಾಗ ಮಷಿನ್ ಇಲ್ಲ ಅಂತ ನೆರೆಯವರು ಯಾರರ ಒಬ್ಬರು ಸಹಿ ಹಾಕ್ರಿ.”

ಎಲ್ಲರೂ ಮಾರೇಶನತ್ತ ತಿರುಗಿದರು. ಇದೆ ಎಂದರೆ ಐದು ನಿಮಿಷದ ಹಿಂದೆ ತಾನು ಹೇಳಿದ್ದೇ ಸುಳ್ಳಾಗುತ್ತದೆ. ‘ಎಂಥಾ ಶಾಣ್ಯಾ ಅದೀನಪ್ಪ ನಾನು!’ ಎಂದು ತನ್ನನ್ನೇ ಬೈದುಕೊಳ್ಳುತ್ತ ಅವನು ಸಹಿ ಹಾಕಿದ. ಈ ಸಲವೂ ಓದಲಿಲ್ಲ.

ಸಂಜೆ ಉಳುಕಿದ ಸೊಂಟದಲ್ಲೇ ಮೂರನೆಯ ಮಷಿನ್ನನ್ನು ಹೊತ್ತು ತಂದಾಗ ಅಕ್ಕನಾಗಮ್ಮ ಅಕ್ಕರೆಯಿಂದ ಹೇಳಿದಳು:

“ಸ್ವಲ್ಪ ಗೋಡಿಗೆ ಒತ್ತಿ ಇಡಪ್ಪ ಮಾರೇಶ. ಹೊಸಾ ಮಷಿನ್ನಿಗೆ ಜಾಗ ಬೇಕಲ್ಲ.”