ಶರಣಮ್ಮನ ಡ್ರಾಪ್ಸ್ ನನ್ನ ಕಣ್ಣಿಗೆ

ನಿವೃತ್ತನಾದ ಮೇಲೆ ಮಾತಾಡಲು ನನಗೆ ಜನರೇ ಇಲ್ಲದಂತಾಯಿತು. ಹೆಂಡತಿ ಸುಮತಿ ಬೆಳಿಗ್ಗೆ ಏಳಕ್ಕೇ ಶಾಲೆಗೆ ಪಾಠ ಮಾಡಲು ಹೊರಟರೆ ಬರುವುದು ಮೂರೂವರೆಗೆ. ಅಲ್ಲಿಯವರೆಗೆ ಡೊಂಬಿವಿಲಿಯ ಆ ಎರಡು ಕೋಣೆಯ ಫ್ಲಾಟಿನಲ್ಲಿ ನಾನು ಮತ್ತು ಫ್ಯಾನು! ಕೆಳಗಿಳಿದು ವಾಚ್‌ಮನ್ ಜೊತೆ ಮಾತಾಡುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ಅವನು ನನ್ನನ್ನು ಕಂಡರೆ ಪಂಪಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದ.

"ಎಷ್ಟು ಅಂತ ಗೋಡೆ ನೋಡ್ತೀರಿ ಮಾರಾಯ್ರೆ? ನಾಲ್ಕು ಜನರಿಗೆ ಉಪಕಾರ ಆಗುವ ಕೆಲಸ ಮಾಡಿ. ನಿಮಗೂ ಹೊತ್ತು ಹೋಗ್ತದೆ" ಎಂದಳು ಸುಮತಿ.

ಕೂಡಲೇ ಡೊಂಬಿವಿಲಿಯ ಕನ್ನಡ ಬಳಗಕ್ಕೆ ಹೋಗಿ ಹೆಸರು ಕೊಟ್ಟೆ. ಕಾರ್ಯದರ್ಶಿ ಸುಲಭದ ಕೆಲಸವನ್ನೇ ಒಪ್ಪಿಸಿದರು. ಕಲಬುರಗಿ ಕಡೆಯ ಶರಣಮ್ಮ ಎಂಬಾಕೆ ಇಲ್ಲೇ ಕಟ್ಟಡದ ಕೆಲಸ ಮಾಡುತ್ತಾರೆ. ಬಲಗಣ್ಣಿಗೆ ಪೊರೆ ಬಂದಿದೆ. ಓದು ಬರಹ ಇಲ್ಲ. ಠಾಣೆಯ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಫಾರ್ಮ್ ತುಂಬಿಸಿ, ತೋರಿಸಿಕೊಂಡು ಬರಬೇಕು. ಅಷ್ಟೇ! ಮೂವತ್ತಾರು ವರ್ಷ ಆಫೀಸಿನಲ್ಲಿ ಫಾರ್ಮ್ ತುಂಬಿದ ಮನುಷ್ಯ ನಾನು. ಇದೂ ಒಂದು ಕೆಲಸವೇ?

ಗುರುವಾರ ಸ್ಟೇಷನ್ನಿನಲ್ಲಿ ಶರಣಮ್ಮ ನನಗಿಂತ ಮೊದಲೇ ಬಂದು ನಿಂತಿದ್ದರು. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು. ಆ ದಿನದ ಕೆಲಸ ಬಿಟ್ಟು ಬಂದಿದ್ದರು. "ನಾನಿದ್ದೇನೆ, ಹೆದರಬೇಡಿ" ಎಂದು ಕೈ ಹಿಡಿದು ಲೋಕಲ್ ಹತ್ತಿಸಿದೆ. ಹತ್ತಿದ ಕೂಡಲೇ ಕಣ್ಣಿನ ಆರೈಕೆಯ ಬಗ್ಗೆ ಭಾಷಣ ಶುರು ಮಾಡಿದೆ. ಕೇಳುವವರು ಸಿಕ್ಕಿ ಎಷ್ಟು ದಿನವಾಗಿತ್ತು!

ಮಧ್ಯೆ ಅವರು ಬಾಯಿ ಹಾಕಿದರು. "ಸಾಹೇಬ್ರ, ಇದು ಬದಲಾಪುರ ಗಾಡಿ ಅದರಿ."

"ಛೆ, ಇಲ್ಲಮ್ಮ, ನೀವು ಸುಮ್ಮನಿರಿ" ಎಂದು ಕ್ಯಾರೆಟ್ಟಿನ ಮಹಿಮೆಗೆ ಬಂದೆ. ಕ್ಯಾರೆಟ್ ಮುಗಿಸಿ ಹೊರಗೆ ನೋಡಿದರೆ ಕಲ್ಯಾಣ! ಠಾಣೆಗೆ ಸರಿಯಾಗಿ ಉಲ್ಟಾ ದಿಕ್ಕು! ಒಂದು ಕಣ್ಣು ಮಂಜಾದವರಿಗೆ ಕಂಡದ್ದು ಎರಡೂ ಕಣ್ಣಿದ್ದ ನನಗೆ ಕಂಡಿರಲಿಲ್ಲ.

ಇಳಿದು, ಮತ್ತೊಂದು ಗಾಡಿ ಹಿಡಿದು, ಆಸ್ಪತ್ರೆ ಮುಟ್ಟುವಾಗ ಉಳಿದದ್ದು ಆ ದಿನದ ಕೊನೆಯ ನಂಬರು. ಹೋದ ಮಾನವನ್ನು ಫಾರ್ಮಿನಲ್ಲಾದರೂ ಉಳಿಸಿಕೊಳ್ಳೋಣವೆಂದು ಶರಣಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಪೆನ್ನು ತೆಗೆದೆ. ದುಂಡಗೆ, ಒಂದೂ ಚಿತ್ತಿಲ್ಲದೆ ತುಂಬಿ ಕೊಟ್ಟೆ.

ಸ್ವಲ್ಪ ಹೊತ್ತಿಗೆ ನರ್ಸ್ ನನ್ನ ಹೆಸರು ಕೂಗಿದಳು. ಜೊತೆಗೆ ಬಂದವರನ್ನೂ ವಿಚಾರಿಸುತ್ತಾರಲ್ಲ, ಎಷ್ಟು ಶಿಸ್ತು ಎಂದುಕೊಂಡು ಒಳಗೆ ಹೋದೆ. "ಬಸಾ ಕಾಕಾ, ವರ್ ಬಘಾ" ಎಂದಳು. ಕೂತೆ. ಮೇಲೆ ನೋಡಿದೆ. ಟಪ್ ಟಪ್ ಎಂದು ಎರಡೂ ಕಣ್ಣಿಗೆ ಡ್ರಾಪ್ಸ್! ಸಮಾಜಸೇವಕರಿಗೂ ಈ ಸೌಲಭ್ಯ ಇದೆಯೇ ಎಂದು ಮನಸ್ಸು ತುಂಬಿ ಬಂತು. ಬೇಡ ಅನ್ನುವುದು ಮರ್ಯಾದೆಯಲ್ಲ ಎಂದು ಎರಡನೇ ಸಲವೂ ಹಾಕಿಸಿಕೊಂಡೆ.

ಮುಕ್ಕಾಲು ಗಂಟೆ ಬಿಟ್ಟು ಡಾಕ್ಟರು ಬೆಳಕು ಬಿಟ್ಟು ನೋಡಿದರು. "ಕಾಕಾ, ನಿಮಗೆ ಪೊರೆಯೇ ಇಲ್ಲವಲ್ಲ? ಯಾಕೆ ಬಂದಿರಿ?" ಎಂದು ಹಿಂದಿಯಲ್ಲಿ ಕೇಳಿದರು.

ಆಗ ಹೊಳೆಯಿತು. ಫಾರ್ಮಿನಲ್ಲಿ 'ಹೆಸರು' ಎಂದಿದ್ದ ಕಡೆ ಮೂವತ್ತಾರು ವರ್ಷದ ಅಭ್ಯಾಸಬಲದಿಂದ ನನ್ನ ಹೆಸರನ್ನೇ ಬರೆದಿದ್ದೆ. ವಯಸ್ಸೂ ನನ್ನದೇ. ಸಹಿಯಂತೂ ಬಹಳ ಚಂದ ಬಂದಿತ್ತು!

ಕೊನೆಯ ನಂಬರು ನನ್ನ ಕಣ್ಣಿಗೆ ಖರ್ಚಾಗಿತ್ತು. ಹೊರಗೆ ಬಂದು ಶರಣಮ್ಮನಿಗೆ ಹೇಳಬೇಕು. ಬೆಂಚಿನ ಮುಂದೆ ನಿಂತು ತೊದಲಿದೆ. ಡ್ರಾಪ್ಸಿನಿಂದ ಕಣ್ಣು ಮಬ್ಬಾಗಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಅದು ನನ್ನ ಪುಣ್ಯ.

ಅವರು, "ನಿಮ್ಮ ಕಣ್ಣಾರ ಚಂದ ಅವ ಅಂದ್ರಲ್ಲ, ಬಿಡ್ರಿ" ಎಂದು ಎದ್ದು ಕೌಂಟರಿಗೆ ಹೋದರು. ಅಚ್ಚ ಮರಾಠಿಯಲ್ಲಿ ಗಟ್ಟಿಯಾಗಿ ವಾದಿಸಿ ಮುಂದಿನ ಗುರುವಾರದ ಮೊದಲನೇ ನಂಬರು ಹಿಡಿದುಕೊಂಡೇ ಬಂದರು. ನಾನು ಅಲ್ಲಿ ಬೇಕಾಗಿಯೇ ಇರಲಿಲ್ಲ!

ಬಿಸಿಲಿಗೆ ಬಂದರೆ ನನಗೆ ಕಣ್ಣು ಬಿಡಲಾಗದು. ಶರಣಮ್ಮ ನನ್ನ ರಟ್ಟೆ ಹಿಡಿದುಕೊಂಡರು. ಮೆಟ್ಟಿಲು ಬಂದಾಗ "ಕಾಲೆತ್ರಿ", ಇಳಿಯುವಾಗ "ಸಾವಕಾಶ". ಗಾಡಿಯಲ್ಲಿ ಯಾರನ್ನೋ, "ಏ ಭಾವೂ, ಕಾಕಾಂಚೆ ಡೋಳೆ ಗೇಲೇತ್, ಉಠ್" ಎಂದು ಎಬ್ಬಿಸಿ ನನ್ನನ್ನು ಕೂರಿಸಿದರು. ಕಾಕಾನ ಕಣ್ಣು ಹೋಗಿದೆಯಂತೆ! ಇಡೀ ಡಬ್ಬಿ ನನ್ನ ಮೇಲೆ ಮರುಗಿತು. ಪೊರೆ ಬಂದ ಹೆಂಗಸು ಡೊಂಬಿವಿಲಿಯವರೆಗೂ ನಿಂತುಕೊಂಡೇ ಬಂದರು.

ಬಾಗಿಲು ತೆರೆದ ಸುಮತಿ ಗಾಬರಿಯಾದಳು. ಹಿಡಿದುಕೊಂಡು ಬಂದವರನ್ನು ನೋಡಿ, "ನೀವು ಬಳಗದ ಸೇವೆಯವರಾ? ದೇವರು ಬಂದ ಹಾಗೆ ಬಂದ್ರಿ ಅಮ್ಮ! ಇವರನ್ನು ಯಾರೂ ಹೀಗೆ ನೋಡಿಕೊಳ್ಳುದಿಲ್ಲ" ಎಂದಳು.

ಶರಣಮ್ಮ ನನ್ನ ಕಡೆ ತಿರುಗಿದರು. ನಾನು ಬಾಯಿ ಬಿಡಲಿಲ್ಲ. "ಅದರಾಗೇನದ ಅಕ್ಕಾರ" ಎಂದು ಅವರೂ ಗುಟ್ಟು ಬಿಟ್ಟುಕೊಡಲಿಲ್ಲ. ಚಹಾ ಕುಡಿದು ಹೊರಟುಹೋದರು. ಫಾರ್ಮು, ಗಾಡಿ ಎಲ್ಲಕ್ಕೂ ನಾನೇ ನಗುತ್ತೇನೆ; ನಾನು ಬಾಯಿ ಮುಚ್ಚಿ ಕೂತ ಆ ಹತ್ತು ನಿಮಿಷಕ್ಕೆ ಮಾತ್ರ ಈಗಲೂ ನಗು ಬರುವುದಿಲ್ಲ. ಅವರು ಹೋದ ಮೇಲೆ ಸುಮತಿಗೆ ಎಲ್ಲ ಹೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಫೋನ್ ಮಾಡಿ ಕ್ಷಮೆ ಕೇಳಿ" ಎಂದಳು.

ಕೇಳಿದೆ. "ಮುಂದಿನ ವಾರ ನಾನೂ ಬರಲಾ?" ಎಂದೂ ಕೇಳಿದೆ.

ಆ ಕಡೆಯಿಂದ ಉತ್ತರ ಬಂತು. "ಬರ್ರಿ. ಆದ್ರ ಏನೂ ಮಾಡಬ್ಯಾಡ್ರಿ. ಸುಮ್ಮ ಕುಂದರ್ರಿ."

ಆ ಗುರುವಾರ ಪರೀಕ್ಷೆಗೆ ಹೋಗಿ ಸುಮ್ಮನೆ ಕೂತೆ. ಆಪರೇಷನ್ನಿನ ದಿನವೂ ಹೋದೆ. ಪೆನ್ನನ್ನು ಮನೆಯಲ್ಲೇ ಬಿಟ್ಟಿದ್ದೆ. ಅವರು ಒಳಗೆ ಹೋದ ಮೇಲೆ ಆತಂಕದಿಂದ ಬಾಗಿಲನ್ನೇ ದಿಟ್ಟಿಸುತ್ತ ಕಾವಲು ಕುಳಿತೆ. ಎಷ್ಟು ಹೊತ್ತಾಯಿತೋ, ಯಾರೋ ಭುಜ ಅಲ್ಲಾಡಿಸಿದರು. ನೋಡಿದರೆ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಶರಣಮ್ಮ.

"ಏಳ್ರಿ ಸಾಹೇಬ್ರ, ಆಪರೇಷನ್ ಆತು. ನಿಮ್ಮ ಗೊರಕಿ ಒಳಗತನಾ ಕೇಳತಿತ್ತು."